ಓದುಗರ ಪ್ರಶ್ನೆ: ಒಳಗೊಳಗೇ ಗುಣ ಬದಲಿಸುವ ವಸ್ತುಗಳ ಲೆಕ್ಕ

ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವಷ್ಟರಲ್ಲಿ ಮೆಲ್ಲಮೆಲ್ಲನೆ ಗುಣ ಬದಲಾಗುವ ವಸ್ತುಗಳನ್ನು ಫೈನೈಟ್ ಎಲಿಮೆಂಟ್ ವಿಧಾನದಲ್ಲಿ (ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಭಾಗಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ) ಹೇಗೆ ಹಿಡಿಯಬೇಕೆಂದು ಕೇಳಿ ಬಂದ ಪತ್ರಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ. ಪ್ರಶ್ನೆಗಳನ್ನು ಸಂಕ್ಷೇಪಿಸಿ ಕೊಟ್ಟಿದೆ.

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ‘ಫಂಕ್ಷನಲಿ ಗ್ರೇಡೆಡ್’ ವಸ್ತುಗಳ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದಾನೆ. ಹಾಗೆಂದರೇನು? ನಾವು ದಿನವೂ ನೋಡುವ ಯಾವುದಾದರೂ ವಸ್ತು ಅಂಥದ್ದಿದೆಯೇ?
— ಪ್ರೌಢಶಾಲಾ ಶಿಕ್ಷಕಿ, ಸಾಗರ

ಉತ್ತರ: ನಿಮ್ಮ ಊರಿನ ತೋಟದಲ್ಲಿಯೇ ಅದು ನಿಂತಿದೆ. ಅಡಿಕೆ ಮರವನ್ನು ಸೀಳಿ ದಬ್ಬೆ ಮಾಡುವಾಗ ಹೊರಬದಿಯ ಭಾಗಕ್ಕೆ ಕತ್ತಿ ಸುಲಭವಾಗಿ ಇಳಿಯುವುದಿಲ್ಲ, ಒಳಗಿನ ತಿರುಳನ್ನಾದರೆ ಸಲೀಸಾಗಿ ಕೆತ್ತಿ ತೆಗೆಯಬಹುದು. ಗಟ್ಟಿ ಭಾಗ ಇಲ್ಲಿಗೆ ಮುಗಿಯಿತು, ಮೆತ್ತನೆಯ ಭಾಗ ಇಲ್ಲಿಂದ ಶುರುವಾಯಿತು ಎಂದು ಗೆರೆ ಎಳೆದು ತೋರಿಸಲು ಮಾತ್ರ ಆಗುವುದಿಲ್ಲ, ಏಕೆಂದರೆ ನಾರಿನ ಕಟ್ಟುಗಳು ಹೊರಗೆ ಒತ್ತೊತ್ತಾಗಿದ್ದು ಒಳಗೆ ಸರಿದಂತೆ ವಿರಳವಾಗುತ್ತ ಹೋಗುತ್ತವೆ. ಬಿದಿರಿನ ಗೋಡೆಯ ರಚನೆಯೂ ಹೀಗೆಯೇ ಇದೆ.

ಇದೇ ಉಪಾಯವನ್ನು ಉದ್ದೇಶಪೂರ್ವಕವಾಗಿ ಕೈಗೆತ್ತಿಕೊಂಡವರು ಜಪಾನಿನ ಸೆಂಡೈ ನಗರದ ಸುತ್ತಮುತ್ತಲಿನ ವಸ್ತುವಿಜ್ಞಾನಿಗಳು. 1984ರ ಸುಮಾರಿಗೆ ಬಾಹ್ಯಾಕಾಶ ವಿಮಾನದ ಯೋಜನೆಯೊಂದಕ್ಕಾಗಿ, ಹೊರಮೈಯಲ್ಲಿ 2000 ಕೆಲ್ವಿನ್ ಉಷ್ಣತೆಯನ್ನು ತಾಳುವ, 10 ಮಿಲಿಮೀಟರಿಗಿಂತ ಕಡಿಮೆ ದಪ್ಪದೊಳಗೆ 1000 ಕೆಲ್ವಿನ್ ವ್ಯತ್ಯಾಸವನ್ನು ಸಹಿಸುವ ಉಷ್ಣಕವಚ ಅವರಿಗೆ ಬೇಕಾಗಿತ್ತು. ಸೆರಾಮಿಕ್ ಬಿಸಿಯನ್ನು ತಾಳುತ್ತದೆ, ಆದರೆ ಬಿರುಕು ಬಿಡುತ್ತದೆ. ಲೋಹ ಬಲವನ್ನು ಹೊರುತ್ತದೆ, ಆದರೆ ಅಷ್ಟು ಬಿಸಿಗೆ ಮೆತ್ತಗಾಗುತ್ತದೆ. ಎರಡನ್ನೂ ನೇರವಾಗಿ ಅಂಟಿಸಿದರೆ, ಕಾದಾಗ ಅವು ಹಿಗ್ಗುವ ಪ್ರಮಾಣ ಬೇರೆ ಬೇರೆಯಾದ್ದರಿಂದ ಅಂಟಿದ ಜಾಗವೇ ಕಿತ್ತುಬರುತ್ತದೆ. ಆದ್ದರಿಂದ ಒಂದು ಮೈಯಲ್ಲಿ ಪೂರ್ತಿ ಸೆರಾಮಿಕ್, ಇನ್ನೊಂದು ಮೈಯಲ್ಲಿ ಪೂರ್ತಿ ಲೋಹ, ನಡುವೆ ಎರಡರ ಪ್ರಮಾಣವೂ ನಿರಂತರವಾಗಿ ಬದಲಾಗುವ ಮಿಶ್ರಣವನ್ನು ಮಾಡಿ, ಕಿತ್ತುಹೋಗಬಹುದಾದ ಗಡಿಯನ್ನೇ ಇಲ್ಲವಾಗಿಸಿದರು. ನಿಮ್ಮ ಮಗನ ಪ್ರಾಜೆಕ್ಟಿನ ಮೂಲ ಇದು.

ಪ್ರಶ್ನೆ: ಒಂದು ತೊಲೆಯ ಯಂಗ್ ಮಾಡ್ಯುಲಸ್ ಕೆಳಮೈಯಿಂದ ಮೇಲ್ಮೈಗೆ ಒಂದಕ್ಕೆ ಐದರಷ್ಟು, ನೇರ ಗೆರೆಯಲ್ಲಿ ಏರುತ್ತದೆ ಎಂದಿಟ್ಟುಕೊಂಡು ದಪ್ಪವನ್ನು ಐದು ಸಮ ಪದರಗಳಾಗಿ ಭಾಗಿಸಿದ್ದೇನೆ. ಬಾಗುವಿಕೆ ಸರಿ ಬರುತ್ತಿದೆ. ಪದರಗಳ ಗಡಿಯಲ್ಲಿ ಮಾತ್ರ ಸ್ಟ್ರೆಸ್ ಜಿಗಿಯುತ್ತಿದೆ. ಪದರಗಳ ಸಂಖ್ಯೆ ಹೆಚ್ಚಿಸಿದರೆ ಸಾಕೇ?
— ಎಂ.ಟೆಕ್. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬಾಗುವಿಕೆ ಸರಿ ಬರುತ್ತಿರುವುದೇ ಇಲ್ಲಿ ದಾರಿ ತಪ್ಪಿಸುವ ಅಂಶ. ಇತರ ಓದುಗರಿಗಾಗಿ ಹೇಳುವುದಾದರೆ, ಏಕಮಾನ ವಿಸ್ತೀರ್ಣದ ಮೇಲೆ ಏಳುವ ಒಳಬಲ ಸ್ಟ್ರೆಸ್, ಏಕಮಾನ ಉದ್ದಕ್ಕೆ ಆಗುವ ಹಿಗ್ಗು ಅಥವಾ ಕುಗ್ಗು ಸ್ಟ್ರೇನ್, ಇವುಗಳ ಅನುಪಾತ ಯಂಗ್ ಮಾಡ್ಯುಲಸ್. ನಿಮ್ಮ ತೊಲೆಯನ್ನು ಕೈಯಲ್ಲಿಯೇ ಲೆಕ್ಕ ಹಾಕಿ ನೋಡಬಹುದು. ಪ್ರತಿ ಪದರಕ್ಕೂ ಅದರ ಮಧ್ಯದ ಮಾಡ್ಯುಲಸ್ ಕೊಟ್ಟರೆ ಐದು ಪದರಗಳ ಮಾದರಿಯ ಬಾಗು ಬಿಗುಪು, ಅಂದರೆ ಬಾಗುವುದಕ್ಕೆ ಅದು ಒಡ್ಡುವ ಪ್ರತಿರೋಧ, ನಿಜಕ್ಕಿಂತ 1.4% ಮಾತ್ರ ಹೆಚ್ಚು ಬರುತ್ತದೆ. ಮೇಲ್ಮೈಯ ಸ್ಟ್ರೆಸ್ ಆದರೋ ಸುಮಾರು 8% ಕಡಿಮೆ ಬರುತ್ತದೆ, ಏಕೆಂದರೆ ಕೊನೆಯ ಪದರಕ್ಕೆ ನೀವು ಕೊಟ್ಟಿರುವುದು 5 ಅಲ್ಲ, 4.6. ಅದರ ಕೆಳಗಿನ ಪದರದ 3.8ರಿಂದ ಅಲ್ಲಿಗೆ ದಾಟುವಾಗ ಸ್ಟ್ರೆಸ್ ಒಮ್ಮೆಗೇ 21% ಜಿಗಿಯುತ್ತದೆ. ನಿಜವಾದ ವಸ್ತುವಿನಲ್ಲಿ ಅಂಥ ಜಿಗಿತವೇ ಇಲ್ಲ. ಯಾವ ಗಡಿಯನ್ನು ಇಲ್ಲವಾಗಿಸಲು ಈ ವಸ್ತುವನ್ನು ಕಂಡುಹಿಡಿದರೋ ಅದೇ ಗಡಿಯನ್ನು ನಾವು ಮೆಶ್‌ನಲ್ಲಿ, ಅಂದರೆ ಎಲಿಮೆಂಟ್‌ಗಳ ಜಾಲದಲ್ಲಿ, ಮತ್ತೆ ಕಟ್ಟಿದಂತಾಗುತ್ತದೆ.

ಪದರ ಹೆಚ್ಚಿಸಿದರೆ ತಪ್ಪು ಕಡಿಮೆಯಾಗುತ್ತದೆ, ನಿಜ. ಆದರೆ ಜ್ಯಾಮಿತಿಗೆ ಬೇಕಿಲ್ಲದಷ್ಟು ಸಣ್ಣ ಎಲಿಮೆಂಟ್‌ಗಳನ್ನು ವಸ್ತುವಿಗಾಗಿಯೇ ಬಳಸಬೇಕಾಗುತ್ತದೆ. ಹೆಚ್ಚು ನೇರವಾದ ಹಾದಿ ಎಂದರೆ ಎಲಿಮೆಂಟ್‌ನ ಒಳಗೇ ಮಾಡ್ಯುಲಸ್ ಬದಲಾಗಲು ಬಿಡುವುದು; ಅಂಥದ್ದೇ ಗ್ರೇಡೆಡ್ ಎಲಿಮೆಂಟ್. ಎಲಿಮೆಂಟ್‌ನ ಬಿಗುಪನ್ನು ಕಂಪ್ಯೂಟರ್ ಹೇಗಿದ್ದರೂ ಗಾಸ್ ಬಿಂದುಗಳೆಂಬ ಕೆಲವು ನಿಗದಿತ ಬಿಂದುಗಳಲ್ಲಿ ಬೆಲೆ ತೆಗೆದು ಕೂಡಿಸಿಯೇ ಪಡೆಯುತ್ತದೆ. ಆ ಪ್ರತಿಯೊಂದು ಬಿಂದುವಿನಲ್ಲೂ ಆ ಸ್ಥಾನದ ಮಾಡ್ಯುಲಸ್ ಅನ್ನೇ ಕೊಟ್ಟರಾಯಿತು. ಮೈಕೆಲ್ ಸಂತಾರೆ ಮತ್ತು ಜಾನ್ ಲ್ಯಾಂಬ್ರೋಸ್ 2000ದಲ್ಲಿ ಪ್ರಕಟಿಸಿದ ವಿಧಾನ ಇದು. 2002ರಲ್ಲಿ ಜಿಯೋಂಗ್-ಹೋ ಕಿಮ್ ಮತ್ತು ಗ್ಲೌಸಿಯೋ ಪೌಲಿನೋ ಮತ್ತೊಂದು ರೂಪವನ್ನು ಮುಂದಿಟ್ಟರು. ಸ್ಥಾನಪಲ್ಲಟವನ್ನು, ಅಂದರೆ ಬಿಂದುಗಳು ಸರಿಯುವ ದೂರವನ್ನು, ನೋಡ್‌ಗಳಿಂದ (ಎಲಿಮೆಂಟ್‌ನ ಮೂಲೆ ಮತ್ತು ಅಂಚುಗಳಲ್ಲಿನ ಗುರುತುಬಿಂದುಗಳಿಂದ) ಒಳಕ್ಕೆ ಹಂಚುವ, ಆಕಾರ ಫಲನಗಳೆಂಬ ಸೂತ್ರಗಳಿಂದಲೇ ಮಾಡ್ಯುಲಸ್ ಅನ್ನೂ ನೋಡ್‌ಗಳಿಂದ ಒಳಕ್ಕೆ ಹಂಚುವುದು ಅವರ ಕ್ರಮ. ಎರಡನೆಯದರಲ್ಲಿ ಒಂದು ಅನುಕೂಲವಿದೆ: ಮಾಡ್ಯುಲಸ್‌ಗೆ ಸೂತ್ರವೇ ಇಲ್ಲದೆ ಪ್ರಯೋಗದಲ್ಲಿ ಅಳೆದ ಬಿಡಿ ಬೆಲೆಗಳಷ್ಟೇ ಇದ್ದಾಗಲೂ ಅದನ್ನು ಬಳಸಬಹುದು.

ನಿಮ್ಮ ತೊಲೆಗೆ ದಪ್ಪದುದ್ದಕ್ಕೂ ಎಂಟು ನೋಡ್‌ಗಳ ಒಂದೇ ಒಂದು ಗ್ರೇಡೆಡ್ ಎಲಿಮೆಂಟ್ ಇಟ್ಟು ನೋಡಿ. ಶುದ್ಧ ಬಾಗುವಿಕೆಯಲ್ಲಿ ಸ್ಟ್ರೇನ್ ದಪ್ಪದ ದಿಕ್ಕಿನಲ್ಲಿ ನೇರ ಗೆರೆ, ಮಾಡ್ಯುಲಸ್ ಕೂಡ ನೇರ ಗೆರೆ. ಸಂಕಲಿಸಬೇಕಾದ ಪದ ಮೂರನೆಯ ಘಾತದ್ದು. ಎರಡು ಗಾಸ್ ಬಿಂದುಗಳು ಮೂರನೆಯ ಘಾತದವರೆಗೆ ನಿಖರ ಉತ್ತರ ಕೊಡುತ್ತವೆ. ಪಾಯಿಸನ್ ಅನುಪಾತದ (ಉದ್ದಕ್ಕೆ ಎಳೆದಾಗ ಅಡ್ಡಕ್ಕೆ ಆಗುವ ಕುಗ್ಗಿನ ಅನುಪಾತ) ಪರಿಣಾಮವನ್ನು ಬದಿಗಿಟ್ಟರೆ, ಐದು ಪದರಗಳಿಗೆ ಆಗದ ಕೆಲಸವನ್ನು ಒಂದೇ ಎಲಿಮೆಂಟ್ ತಪ್ಪಿಲ್ಲದೆ ಮಾಡುತ್ತದೆ.

ಪ್ರಶ್ನೆ: ನಾವು ಕಿಮ್-ಪೌಲಿನೋ ಕ್ರಮವನ್ನು ಅನುಸರಿಸಿ ನಾಲ್ಕು ನೋಡ್‌ಗಳ ಗ್ರೇಡೆಡ್ ಎಲಿಮೆಂಟ್ ಬರೆದುಕೊಂಡೆವು. ಆದರೆ ಮಾಡ್ಯುಲಸ್ ಬದಲಾಗುವ ದಿಕ್ಕಿನಲ್ಲಿಯೇ ಪಟ್ಟಿಯನ್ನು ಎಳೆದಾಗ ಉತ್ತರ ಒಳಗೆಲ್ಲ ಒಂದೇ ಮಾಡ್ಯುಲಸ್ ಇರುವ ಹಳೆಯ, ಏಕರೂಪದ ಎಲಿಮೆಂಟ್‌ಗಿಂತ ಕೆಟ್ಟದಾಗಿ ಬಂತು. ಪ್ರೋಗ್ರಾಮಿನಲ್ಲಿ ತಪ್ಪಿದೆಯೇ?
— ವಿನ್ಯಾಸ ಇಂಜಿನಿಯರ್, ಬೆಂಗಳೂರು

ಉತ್ತರ: ತಪ್ಪು ಪ್ರೋಗ್ರಾಮಿನಲ್ಲಿ ಇರಲೇಬೇಕೆಂದಿಲ್ಲ. ಈ ಬಾರಿ ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ.

ಸಮಸ್ಯೆಯನ್ನು ಒಂದು ಸಾದಾ ಸರಳಿಗೆ (ಕಂಬಿಗೆ) ಇಳಿಸಿಕೊಳ್ಳೋಣ. ಅದರ ಮಾಡ್ಯುಲಸ್ ಎಡ ತುದಿಯಲ್ಲಿ 200 ಗಿಗಾಪಾಸ್ಕಲ್, ಬಲ ತುದಿಯಲ್ಲಿ 400, ನಡುವೆ ನೇರ ಏರಿಕೆ. ತುದಿಯಲ್ಲಿ ಎಳೆದಾಗ ಬಲ ಎಲ್ಲ ಕಡೆ ಒಂದೇ, ಆದ್ದರಿಂದ ಸ್ಟ್ರೆಸ್ ಎಲ್ಲ ಕಡೆ ಒಂದೇ. ಮೆತ್ತನೆಯ ಕಡೆ ಹೆಚ್ಚು ಹಿಗ್ಗುತ್ತದೆ, ಗಟ್ಟಿಯಾದ ಕಡೆ ಕಡಿಮೆ ಹಿಗ್ಗುತ್ತದೆ. ಸರಣಿಯಲ್ಲಿ ಜೋಡಿಸಿದ ಸ್ಪ್ರಿಂಗುಗಳಂತೆ ಇಲ್ಲಿ ಕೂಡುವುದು ಹಿಗ್ಗು. ಅದರಿಂದ ಇಡೀ ಸರಳಿನ ಸಮಾನ ಮಾಡ್ಯುಲಸ್ ಹಾರ್ಮೋನಿಕ್ ಸರಾಸರಿಯಾಗುತ್ತದೆ (ವಿಲೋಮಗಳ ಸರಾಸರಿಯ ವಿಲೋಮ), ಅಂದರೆ 288.5.

ಈಗ ಇದೇ ಸರಳಿಗೆ ಎರಡು ನೋಡ್‌ಗಳ ಒಂದು ಎಲಿಮೆಂಟ್ ಇಡಿ. ಅದರೊಳಗೆ ಸ್ಥಾನಪಲ್ಲಟ ನೇರ ಗೆರೆ, ಆದ್ದರಿಂದ ಸ್ಟ್ರೇನ್ ಸ್ಥಿರ. ಹಿಗ್ಗು ಎಲ್ಲೆಡೆ ಸಮನಾಗಿರಬೇಕೆಂದು ನಾವೇ ಕಟ್ಟುಹಾಕಿದ ಮೇಲೆ, ಎಲಿಮೆಂಟ್ ಸರಣಿಯ ಸ್ಪ್ರಿಂಗುಗಳಂತೆ ಅಲ್ಲ, ಪಕ್ಕಪಕ್ಕದಲ್ಲಿ ಕಟ್ಟಿದ ಸ್ಪ್ರಿಂಗುಗಳಂತೆ ವರ್ತಿಸುತ್ತದೆ; ಅದು ಕಾಣುವ ಮಾಡ್ಯುಲಸ್ ಸಾಮಾನ್ಯ ಸರಾಸರಿಯಾದ 300. ಹಿಗ್ಗು 3.8% ಕಡಿಮೆ ಬರುತ್ತದೆ. ಇದಕ್ಕಿಂತ ಚಿಂತೆಯ ವಿಷಯ ಸ್ಟ್ರೆಸ್‌ನದು. ಸ್ಥಿರ ಸ್ಟ್ರೇನ್ ಅನ್ನು ಬದಲಾಗುವ ಮಾಡ್ಯುಲಸ್‌ನಿಂದ ಗುಣಿಸಿದರೆ, ಎಲ್ಲೆಡೆ 1 ಇರಬೇಕಾದ ಸ್ಟ್ರೆಸ್ ಒಂದು ತುದಿಯಲ್ಲಿ 0.67, ಇನ್ನೊಂದು ತುದಿಯಲ್ಲಿ 1.33 ಎಂದು ಬರುತ್ತದೆ. ನಿಮಗೆ ಕಂಡಿರುವುದು ಬಹುಮಟ್ಟಿಗೆ ಇದೇ. ಏಕರೂಪದ ಎಲಿಮೆಂಟ್‌ನಲ್ಲಿ ಸ್ಟ್ರೇನ್ ಸ್ಥಿರ, ಮಾಡ್ಯುಲಸ್ ಸ್ಥಿರ, ಆದ್ದರಿಂದ ಸ್ಟ್ರೆಸ್ ಕೂಡ ಸ್ಥಿರವಾಗಿ, ಸರಿಯಾಗಿ ಬರುತ್ತದೆ.

ಮಾಡ್ಯುಲಸ್ ನೇರ ಗೆರೆಯಲ್ಲಿ ಅಲ್ಲದೆ ಘಾತೀಯವಾಗಿ 200ರಿಂದ 400ಕ್ಕೆ ಏರಿದರೆ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ಆಗ ಸರಿಯಾದ ಬೆಲೆ 277.3. ಗ್ರೇಡೆಡ್ ಎಲಿಮೆಂಟ್ 288.5 ಎಂದು ಲೆಕ್ಕ ಹಾಕಿ 3.9% ತಪ್ಪುತ್ತದೆ. ಮಧ್ಯಬಿಂದುವಿನ ಮಾಡ್ಯುಲಸ್ ಕೊಟ್ಟ ಏಕರೂಪದ ಎಲಿಮೆಂಟ್ ಗುಣೋತ್ತರ ಸರಾಸರಿಯಾದ 282.8 ಅನ್ನು ಹಿಡಿದು 2% ಮಾತ್ರ ತಪ್ಪುತ್ತದೆ. ವಸ್ತುವಿನ ಬಗ್ಗೆ ಹೆಚ್ಚು ತಿಳಿವಳಿಕೆಯಿರುವ ಎಲಿಮೆಂಟ್ ಹೆಚ್ಚು ತಪ್ಪುತ್ತಿದೆ ಎಂಬುದು ಮೊದಲ ನೋಟಕ್ಕೆ ನಂಬಲಾಗದ ಮಾತು. ಆದರೆ ಸ್ಥಾನಪಲ್ಲಟಕ್ಕೆ ಬದಲಾಗುವ ಸ್ವಾತಂತ್ರ್ಯವನ್ನು ಕೊಡದೆ ಮಾಡ್ಯುಲಸ್‌ಗೆ ಮಾತ್ರ ಕೊಟ್ಟಾಗ ಹೀಗೆಯೇ ಆಗಬೇಕು. ಕಿಮ್ ಮತ್ತು ಪೌಲಿನೋ ತಮ್ಮ ಪ್ರಬಂಧದಲ್ಲಿಯೇ ನಾಲ್ಕು ನೋಡ್‌ಗಳ ಎಲಿಮೆಂಟ್‌ಗೆ ಈ ಮಿತಿಯನ್ನು ತೋರಿಸಿದ್ದಾರೆ: ಎಳೆತ ಮಾಡ್ಯುಲಸ್ ಬದಲಾಗುವ ದಿಕ್ಕಿಗೆ ಅಡ್ಡವಾಗಿದ್ದಾಗ ಗ್ರೇಡೆಡ್ ಎಲಿಮೆಂಟ್ ಮೇಲು, ಅದೇ ದಿಕ್ಕಿನಲ್ಲಿದ್ದಾಗ ಏಕರೂಪದ ಎಲಿಮೆಂಟ್ ಮೇಲಾಗಬಹುದು. ದಾವಣಗೆರೆಯ ಓದುಗರ ತೊಲೆ ಅಡ್ಡ ದಿಕ್ಕಿನದು, ನಿಮ್ಮ ಪಟ್ಟಿ ಅದೇ ದಿಕ್ಕಿನದು. ಎಲಿಮೆಂಟ್ ಆರಿಸುವ ಮೊದಲು ವಸ್ತು ಯಾವ ಕಡೆಗೆ ಬದಲಾಗುತ್ತದೆ, ಬಲ ಯಾವ ಕಡೆಗೆ ಹರಿಯುತ್ತದೆ ಎಂಬ ಎರಡು ಬಾಣಗಳನ್ನು ಕಾಗದದ ಮೇಲೆ ಬರೆದುಕೊಳ್ಳುವ ಅಭ್ಯಾಸವನ್ನು ನನ್ನ ವಿದ್ಯಾರ್ಥಿಗಳೆಲ್ಲರಿಗೂ ಒತ್ತಾಯಪೂರ್ವಕವಾಗಿ ಕಲಿಸುತ್ತೇನೆ.

ಪರಿಹಾರ ಎರಡಿವೆ. ಮೆಶ್ ಚಿಕ್ಕದು ಮಾಡಬಹುದು: ನೇರ ಏರಿಕೆಯ ಆ ಸರಳಿಗೇ ಎರಡು ಎಲಿಮೆಂಟ್ ಇಟ್ಟರೆ ಹಿಗ್ಗಿನ ತಪ್ಪು 1.1%ಕ್ಕೆ, ನಾಲ್ಕಿಟ್ಟರೆ 0.3%ಕ್ಕೆ ಇಳಿಯುತ್ತದೆ. ಅಥವಾ ಒಂದು ಘಾತ ಮೇಲಿನ ಎಲಿಮೆಂಟ್ ಬಳಸಬಹುದು, ನನ್ನ ಒಲವು ಅದರ ಕಡೆಗೇ. ಮೂರು ನೋಡ್‌ಗಳ ಒಂದೇ ಗ್ರೇಡೆಡ್ ಎಲಿಮೆಂಟ್ ಆ ಸರಳಿಗೆ 288.9 ಎಂಬ ಬೆಲೆ ಕೊಡುತ್ತದೆ, ತಪ್ಪು 0.12%. ಅದರ ತುದಿಗಳಲ್ಲಿ ಓದಿದರೆ ಸ್ಟ್ರೆಸ್ 0.92, ನಡುವಿನಲ್ಲಿ ಓದಿದರೆ 1.04, ಎರಡು ಗಾಸ್ ಬಿಂದುಗಳಲ್ಲಿ ಓದಿದರೆ ಸರಿಯಾಗಿ 1. ಎರಡು ನೋಡ್‌ಗಳ ಎಲಿಮೆಂಟ್‌ನಲ್ಲಿಯೂ ಮಧ್ಯದ ಒಂದೇ ಗಾಸ್ ಬಿಂದುವಿನಲ್ಲಿ ಸ್ಟ್ರೆಸ್ ಸರಿಯಾಗಿಯೇ ಇದೆ, ಬೇಕಾದರೆ ಪರೀಕ್ಷಿಸಿ ನೋಡಿ. ಆದ್ದರಿಂದ ಗ್ರೇಡೆಡ್ ಎಲಿಮೆಂಟ್ ಬಳಸುವವರು ನೋಡ್‌ಗಳಲ್ಲಿ ಸರಾಸರಿ ಮಾಡಿ ಬಣ್ಣ ಹಚ್ಚಿದ ಚಿತ್ರವನ್ನು ನೋಡಿ ವಿನ್ಯಾಸ ಮಾಡಬಾರದು; ಗಾಸ್ ಬಿಂದುಗಳ ಬೆಲೆಗಳನ್ನು ಪಟ್ಟಿಯಾಗಿ ತೆಗೆದು ನೋಡಬೇಕು.

ಪ್ರಶ್ನೆ: ನಮ್ಮ ತಂತ್ರಾಂಶದಲ್ಲಿ ಗ್ರೇಡೆಡ್ ಎಲಿಮೆಂಟ್ ಇಲ್ಲ. ಮಾಡ್ಯುಲಸ್ ಅನ್ನು ಉಷ್ಣತೆಯ ಮೇಲೆ ಅವಲಂಬಿಸುವಂತೆ ಕೊಟ್ಟು, ನೋಡ್‌ಗಳಿಗೆ ಸುಳ್ಳು ಉಷ್ಣತೆ ಹಾಕಿದರೆ ಕೆಲಸವಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇದು ಸರಿಯೇ?
— ವಿಶ್ಲೇಷಣಾ ವಿಭಾಗದ ಇಂಜಿನಿಯರ್, ಮೈಸೂರು

ಉತ್ತರ: ಸರಿ, ಬಹಳ ಜನ ಬಳಸಿರುವ ಉಪಾಯವೂ ಹೌದು. ಉಷ್ಣತೆಯನ್ನು ಇಲ್ಲಿ ಸ್ಥಾನದ ಗುರುತಾಗಿ ಮಾತ್ರ ಬಳಸುತ್ತೇವೆ. ಹಿಗ್ಗುವಿಕೆಯ ಗುಣಾಂಕವನ್ನು ಸೊನ್ನೆ ಮಾಡಲು ಮರೆತರೆ ಇಲ್ಲದ ಉಷ್ಣಸ್ಟ್ರೆಸ್ ಹುಟ್ಟುತ್ತದೆ ಎಂಬುದು ಮೊದಲ ಎಚ್ಚರಿಕೆ. ನಿಜವಾದ ಉಷ್ಣತೆಯೂ ಇರುವ ಸಮಸ್ಯೆಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಬಳಕೆದಾರರೇ ವ್ಯಾಖ್ಯಾನಿಸುವ ಕ್ಷೇತ್ರ ಚರವನ್ನಾಗಲಿ, ಅಬಾಕಸ್ ಎಂಬ ತಂತ್ರಾಂಶದಲ್ಲಿ ಯುಮ್ಯಾಟ್ ಎನ್ನುವ ಉಪಪ್ರೋಗ್ರಾಮನ್ನಾಗಲಿ ಬಳಸಬೇಕು. ಉಪಪ್ರೋಗ್ರಾಮಿಗೆ ಪ್ರತಿ ಗಾಸ್ ಬಿಂದುವಿನ ನಿರ್ದೇಶಾಂಕಗಳು ಸಿಗುವುದರಿಂದ ಮಾಡ್ಯುಲಸ್‌ನ ಸೂತ್ರವನ್ನು ನೇರವಾಗಿ ಅಲ್ಲಿಯೇ ಬರೆಯಬಹುದು.

ಇನ್ನೊಂದು ಎಚ್ಚರಿಕೆ ಅಷ್ಟಾಗಿ ಕಣ್ಣಿಗೆ ಬೀಳದ್ದು. ಕೆಳಘಾತದ (ಮೂಲೆಗಳಲ್ಲಷ್ಟೇ ನೋಡ್‌ಗಳಿರುವ) ಎಲಿಮೆಂಟ್‌ಗಳಲ್ಲಿ ನೋಡ್‌ಗಳ ಉಷ್ಣತೆಯನ್ನು ಸರಾಸರಿ ಮಾಡಿ ಎಲ್ಲ ಗಾಸ್ ಬಿಂದುಗಳಿಗೂ ಒಂದೇ ಬೆಲೆ ಕೊಡುವ ತಂತ್ರಾಂಶಗಳಿವೆ. ಹಾಗಾದಾಗ ಗ್ರೇಡೆಡ್ ಎಲಿಮೆಂಟ್ ಬಳಸುತ್ತಿದ್ದೇವೆಂದು ನಾವು ನಂಬಿರುತ್ತೇವೆ, ಒಳಗೆ ಮಾತ್ರ ಏಕರೂಪದ ಎಲಿಮೆಂಟ್ ಕುಳಿತಿರುತ್ತದೆ. ಒಂದೇ ಎಲಿಮೆಂಟ್ ಇಟ್ಟು, ಗುಣ ಬದಲಾಗುವ ದಿಕ್ಕಿಗೆ ಅಡ್ಡವಾಗಿ ಎಲ್ಲೆಡೆ ಸಮನಾದ ಸ್ಟ್ರೇನ್ ಹೇರಿ, ಗಾಸ್ ಬಿಂದುಗಳ ಸ್ಟ್ರೆಸ್ ಬೇರೆ ಬೇರೆ ಬರುತ್ತದೆಯೇ ಎಂದು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಅಲ್ಯೂಮಿನಿಯಂನಿಂದ ಜಿರ್ಕೋನಿಯಾ ಎಂಬ ಸೆರಾಮಿಕ್‌ಗೆ ಬದಲಾಗುವ ತಟ್ಟೆಯ ದಪ್ಪದ ಮೂಲಕ ಶಾಖ ಹರಿಯುವುದನ್ನು ಹತ್ತು ಸಮ ಎಲಿಮೆಂಟ್‌ಗಳಲ್ಲಿ ಲೆಕ್ಕ ಹಾಕಿದ್ದೇನೆ. ಇಪ್ಪತ್ತು ಮಾಡಿದರೆ ಉತ್ತರ ಮತ್ತೆ ಬದಲಾಗುತ್ತಿದೆ. ಎಷ್ಟು ಎಲಿಮೆಂಟ್ ಬೇಕು?
— ಸಂಶೋಧನಾ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಹತ್ತು ಸಾಕು, ಆದರೆ ಸಮವಾಗಿ ಅಲ್ಲ. ಶಾಖವಾಹಕತೆ ಬದಲಾಗುವ ದಿಕ್ಕಿನಲ್ಲಿಯೇ ಶಾಖ ಹರಿಯುವುದರಿಂದ ನಿಮ್ಮ ಸಮಸ್ಯೆ ಮೇಲಿನ ಸರಳಿನದೇ ಇನ್ನೊಂದು ರೂಪ. ವ್ಯತ್ಯಾಸವೆಂದರೆ ಅಲ್ಲಿ ಅನುಪಾತ ಎರಡು, ಇಲ್ಲಿ ನೂರರ ಹತ್ತಿರ. ಲೆಕ್ಕಕ್ಕಾಗಿ ಲೋಹದ ಮೈಯಲ್ಲಿ 204, ಸೆರಾಮಿಕ್ ಮೈಯಲ್ಲಿ 2 ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್, ನಡುವೆ ನೇರ ಇಳಿಕೆ ಎಂದು ಹಿಡಿಯೋಣ. ಒಂದೇ ಕೆಳಘಾತದ ಎಲಿಮೆಂಟ್ ಸರಾಸರಿ 103 ಎನ್ನುತ್ತದೆ, ನಿಜವಾದ ಸಮಾನ ಬೆಲೆ 43.7. ಹತ್ತು ಸಮ ಎಲಿಮೆಂಟ್‌ಗಳಾದ ಮೇಲೂ ಶಾಖದ ಹರಿವು 20% ಹೆಚ್ಚು ಬರುತ್ತದೆ. ಆ ತಪ್ಪಿನ 96% ಭಾಗ ಸೆರಾಮಿಕ್ ಮೈಗೆ ತಾಗಿದ ಕೊನೆಯ ಒಂದೇ ಎಲಿಮೆಂಟ್‌ನಲ್ಲಿ ಅಡಗಿದೆ. ಕಾರಣವೂ ಸ್ಪಷ್ಟವೇ: ಉಷ್ಣತೆಯ ಒಟ್ಟು ಇಳಿಕೆಯಲ್ಲಿ 52% ಆ ಕೊನೆಯ ಹತ್ತನೆಯ ಒಂದು ಭಾಗದ ದಪ್ಪದಲ್ಲಿಯೇ ನಡೆದುಹೋಗುತ್ತದೆ, ನಿಮ್ಮ ಮೆಶ್ ಅದನ್ನು 43% ಎಂದು ತೋರಿಸುತ್ತಿದೆ.

ಈಗ ಅದೇ ಹತ್ತು ಎಲಿಮೆಂಟ್‌ಗಳನ್ನು, ಪ್ರತಿಯೊಂದರ ಎರಡು ತುದಿಗಳ ವಾಹಕತೆಯ ಅನುಪಾತ ಒಂದೇ ಆಗುವಂತೆ, ಅಂದರೆ ಸುಮಾರು 1.59 ಆಗುವಂತೆ ಜೋಡಿಸಿ. ಲೋಹದ ಕಡೆಯ ಎಲಿಮೆಂಟ್ ದಪ್ಪದ 37% ಅನ್ನು ತಾನೊಂದೇ ಆವರಿಸುತ್ತದೆ, ಸೆರಾಮಿಕ್ ಕಡೆಯದು 0.6%ಕ್ಕೆ ಇಳಿಯುತ್ತದೆ, ಶಾಖದ ಹರಿವಿನ ತಪ್ಪು 20%ದಿಂದ 1.8%ಕ್ಕೆ ಬರುತ್ತದೆ. ಕೆಲಸ ಒಂದಿಷ್ಟೂ ಹೆಚ್ಚಲಿಲ್ಲ. ಉಷ್ಣಸ್ಟ್ರೆಸ್ ಲೆಕ್ಕ ಹಾಕುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಉಷ್ಣತೆಯ ತಪ್ಪು ಸ್ಟ್ರೆಸ್‌ಗೆ ಹಾಗೆಯೇ ದಾಟುತ್ತದೆ, ಅದೂ ಬಿರುಕು ಬಿಡುವ ಸ್ವಭಾವದ ಸೆರಾಮಿಕ್ ಮೈಯಲ್ಲಿ.

ಮಿಶ್ರಣದ ಪ್ರಮಾಣಕ್ಕೆ ಘಾತ ಸೂತ್ರ (ಲೋಹದ ಮೈಯಿಂದ ಇರುವ ದೂರವನ್ನು ದಪ್ಪದಿಂದ ಭಾಗಿಸಿ ಒಂದು ಘಾತಕ್ಕೆ ಏರಿಸಿದರೆ ಸೆರಾಮಿಕ್‌ನ ಪಾಲು) ಬಳಸುವವರೂ ಇದನ್ನು ಗಮನಿಸಬೇಕು. ಘಾತ 5 ಆದರೆ ಲೋಹದ ಮೈಯಿಂದ ಅರ್ಧ ದಪ್ಪ ದಾಟಿದರೂ ಸೆರಾಮಿಕ್ 3% ಮಾತ್ರ, ಹೆಚ್ಚುಕಡಿಮೆ ಎಲ್ಲ ಬದಲಾವಣೆಯೂ ಸೆರಾಮಿಕ್ ಕಡೆಯ ಅರ್ಧದಲ್ಲಿ. ಘಾತ 0.2 ಆದರೆ ಅರ್ಧ ದಪ್ಪಕ್ಕೇ 87%, ಲೋಹದ ಮೈಗೆ ಅಂಟಿದ ತೆಳುಪದರದಲ್ಲಿ ಏರಿಕೆ ಲಂಬವಾಗಿ ನಿಲ್ಲುತ್ತದೆ. ಎರಡಕ್ಕೂ ಒಂದೇ ಮೆಶ್ ಇಟ್ಟು, ಘಾತ ಬದಲಾದಂತೆ ಉತ್ತರ ಹೀಗೆ ಬದಲಾಯಿತು ಎಂದು ಬರೆದ ಪ್ರಾಜೆಕ್ಟ್ ವರದಿಗಳನ್ನು ಓದುವಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ, ಏಕೆಂದರೆ ಅಲ್ಲಿ ಬದಲಾಗಿರುವುದು ವಸ್ತುವೋ ಮೆಶ್‌ನ ತಪ್ಪೋ ಹೇಳಲು ಬರುವುದಿಲ್ಲ.

ಪ್ರಶ್ನೆ: ಮಿಶ್ರಣದ ಮಾಡ್ಯುಲಸ್ ಅನ್ನು ಪ್ರಮಾಣಕ್ಕೆ ತಕ್ಕಂತೆ ಕೂಡಿಸಿದರೆ ಸಾಲದೇ? ಮೋರಿ-ತನಾಕಾ ಮುಂತಾದ ಕ್ಲಿಷ್ಟ ಸೂತ್ರಗಳು ಅಗತ್ಯವೇ?
— ಪಾಲಿಟೆಕ್ನಿಕ್ ಉಪನ್ಯಾಸಕ, ಕಲಬುರಗಿ

ಉತ್ತರ: ಅಗತ್ಯ. ಅಲ್ಯೂಮಿನಿಯಂ 70, ಅಲ್ಯುಮಿನಾ ಎಂಬ ಸೆರಾಮಿಕ್ 380 ಗಿಗಾಪಾಸ್ಕಲ್ ಎಂದು ಹಿಡಿದು ಅರ್ಧಕ್ಕರ್ಧ ಬೆರೆಸಿ. ಪ್ರಮಾಣಕ್ಕೆ ತಕ್ಕಂತೆ ಕೂಡಿಸುವ ಫಾಯ್ಗ್ಟ್ ನಿಯಮ 225 ಎನ್ನುತ್ತದೆ, ಹಿಗ್ಗನ್ನು ಕೂಡಿಸುವ ರಾಯ್ಸ್ ನಿಯಮ 118 ಎನ್ನುತ್ತದೆ. ಇವು ಮೇಲಿನ ಮತ್ತು ಕೆಳಗಿನ ಮಿತಿಗಳು, ನಿಜವಾದ ಬೆಲೆ ನಡುವೆ ಎಲ್ಲೋ ಇರುತ್ತದೆ. ಮೇಲಿನ ಉತ್ತರಗಳಲ್ಲಿ ನಾವು ಒಂದೆರಡು ಶೇಕಡಾ ತಪ್ಪಿಗಾಗಿ ಇಷ್ಟು ಮಾತಾಡಿದೆವು. ಇಲ್ಲಿ ಮೇಲಿನ ಮಿತಿ ಕೆಳಗಿನದರ ಹತ್ತಿರಹತ್ತಿರ ಎರಡು ಪಟ್ಟಿದೆ. ಲೋಹದ ನಡುವೆ ಸೆರಾಮಿಕ್ ಕಣಗಳು ಬಿಡಿಬಿಡಿಯಾಗಿ ಹರಡಿರುವ ವಲಯಕ್ಕೆ 1973ರ ಮೋರಿ-ತನಾಕಾ ಅಂದಾಜು ಸಮಂಜಸ. ಎರಡೂ ಹೆಣೆದುಕೊಂಡಿರುವ ನಡುವಲಯಕ್ಕೆ ಅದನ್ನು ಕಣ್ಣುಮುಚ್ಚಿ ನಂಬುವುದು ಸಲ್ಲದು, ಸಾಧ್ಯವಿದ್ದರೆ ಅಳೆಯುವುದೇ ಒಳ್ಳೆಯದು. ಪಾಯಿಸನ್ ಅನುಪಾತವನ್ನು ಮಾತ್ರ ಸಾಮಾನ್ಯವಾಗಿ ಸ್ಥಿರವೆಂದು ಹಿಡಿದರೆ ದೊಡ್ಡ ಹಾನಿಯಿಲ್ಲ.

ಪ್ರಶ್ನೆ: ಬಿರುಕಿನ ತುದಿಯ ಜೆ-ಇಂಟೆಗ್ರಲ್ ಅನ್ನು (ಬಿರುಕು ಬೆಳೆಯಲು ಒದಗುವ ಶಕ್ತಿಯ ಅಳತೆ) ಬೇರೆ ಬೇರೆ ವರ್ತುಲಗಳಲ್ಲಿ ತೆಗೆದಾಗ ಬೇರೆ ಬೇರೆ ಬೆಲೆ ಬರುತ್ತಿದೆ. ಮೆಶ್ ಎಷ್ಟು ಸಣ್ಣದು ಮಾಡಿದರೂ ಹೊಂದುತ್ತಿಲ್ಲ.
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹೊಂದುವುದೂ ಇಲ್ಲ. ಜೇಮ್ಸ್ ರೈಸ್ 1968ರಲ್ಲಿ ತೋರಿಸಿದ ಪಥ-ಸ್ವಾತಂತ್ರ್ಯಕ್ಕೆ, ಅಂದರೆ ಯಾವ ವರ್ತುಲದಲ್ಲಿ ತೆಗೆದರೂ ಒಂದೇ ಬೆಲೆ ಬರುವ ಗುಣಕ್ಕೆ, ಬಿರುಕಿನ ದಿಕ್ಕಿನಲ್ಲಿ ವಸ್ತುವಿನ ಗುಣ ಬದಲಾಗಬಾರದೆಂಬ ಷರತ್ತು ಇದೆ. ನಿಮ್ಮ ವಸ್ತು ಆ ಷರತ್ತನ್ನು ಮುರಿಯುತ್ತದೆ. ಸ್ಥಾನ ಬದಲಾದ ಕಾರಣದಿಂದಲೇ ಸ್ಟ್ರೇನ್ ಶಕ್ತಿಯ ಸಾಂದ್ರತೆ ಎಷ್ಟು ಬದಲಾಗುತ್ತದೆ ಎಂಬ ಪದವನ್ನು ವರ್ತುಲದ ಒಳಗಿನ ವಿಸ್ತೀರ್ಣದ ಮೇಲೆ ಸಂಕಲಿಸಿ ಕಳೆದರೆ ಬೆಲೆಗಳು ಮತ್ತೆ ಒಂದಾಗುತ್ತವೆ. ತಂತ್ರಾಂಶ ಆ ಪದವನ್ನು ಸೇರಿಸಿದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಸೇರಿಸಿಲ್ಲದಿದ್ದರೆ, ತುದಿಯ ಸುತ್ತ ಬಹಳ ಸಣ್ಣ ಎಲಿಮೆಂಟ್‌ಗಳನ್ನಿಟ್ಟು, ವರ್ತುಲ ಕುಗ್ಗಿದಂತೆ ಬೆಲೆ ಎಲ್ಲಿಗೆ ಸಾಗುತ್ತದೆ ಎಂಬುದನ್ನು ಹಿಡಿಯಬೇಕು.

ಸಮಾಧಾನದ ವಿಷಯವೂ ಒಂದಿದೆ. ಗುಣಗಳು ಜಿಗಿಯದೆ ನಿರಂತರವಾಗಿ ಬದಲಾಗುವವರೆಗೆ, ತುದಿಗೆ ತೀರ ಹತ್ತಿರದ ಸ್ಟ್ರೆಸ್ ದೂರದ ವರ್ಗಮೂಲಕ್ಕೆ ವಿಲೋಮವಾಗಿಯೇ ಏರುತ್ತದೆ. 1987ರಲ್ಲಿ ಐಷೆನ್ ಇದನ್ನು ಸಾಧಿಸಿ ತೋರಿಸಿದರು. ಹಾಗಾಗಿ ಅಂಚಿನ ನಡುವಿನ ನೋಡ್ ಅನ್ನು ಬಿರುಕಿನ ತುದಿಯಿಂದ ಕಾಲುಭಾಗದ ದೂರಕ್ಕೆ ಸರಿಸಿದ ಹಳೆಯ ಎಲಿಮೆಂಟ್‌ಗಳೇ ಸಾಕು, ಮಾಡ್ಯುಲಸ್ ಮಾತ್ರ ತುದಿಯ ಸ್ಥಾನದ್ದಾಗಿರಬೇಕು. ಗುಣ ಬದಲಾಗುವ ದಿಕ್ಕಿಗೆ ಬಿರುಕು ಅಡ್ಡವಾಗಿದ್ದರೆ, ಎಳೆತ ಸಮ್ಮಿತವಾಗಿದ್ದರೂ ಬಿರುಕು ತೆರೆಯುವುದರ ಜೊತೆಗೆ ಜಾರಲೂ ತೊಡಗುತ್ತದೆ. ಅರ್ಧ ಮಾದರಿ ಮಾಡಿ ಸಮಯ ಉಳಿಸುವ ಆಸೆಯನ್ನು ಅಲ್ಲಿ ಬಿಡಬೇಕಾಗುತ್ತದೆ.

ಪ್ರಶ್ನೆ: ಕೊಟ್ಟಿಗೆಗೆ ಅಡಿಕೆ ದಬ್ಬೆ ಹಾಕುವಾಗ ಗಟ್ಟಿ ಬೆನ್ನು (ಮರದ ಹೊರಬದಿ) ಕೆಳಗಿರಬೇಕೋ ಮೇಲಿರಬೇಕೋ ಎಂಬುದು ನಮ್ಮ ಮನೆಯ ಹಳೆಯ ಚರ್ಚೆ. ಕಂಪ್ಯೂಟರಿನಲ್ಲಿ ಎರಡೂ ರೀತಿ ಹಾಕಿ ನೋಡಿದೆ, ಎರಡಕ್ಕೂ ಬಗ್ಗುವುದು ಒಂದೇ ಸಮ ಬರುತ್ತಿದೆ. ಮಾದರಿಯಲ್ಲಿ ಏನೋ ತಪ್ಪಿರಬೇಕಲ್ಲವೇ?
— ಕೃಷಿಕ, ನಿವೃತ್ತ ಇಂಜಿನಿಯರ್, ಶಿರಸಿ

ಉತ್ತರ: ಇಲ್ಲ, ಮಾದರಿ ಸರಿಯಾಗಿದೆ. ಎಳೆತಕ್ಕೂ ಒತ್ತಡಕ್ಕೂ ಮಾಡ್ಯುಲಸ್ ಒಂದೇ ಎಂದು ಹಿಡಿದ ಮೇಲೆ, ದಬ್ಬೆಯನ್ನು ಮಗುಚಿದರೆ ಬಾಗು ಬಿಗುಪು ಬದಲಾಗುವುದಿಲ್ಲ. ಬದಲಾಗುವುದು ಯಾವ ಮೈ ಎಳೆತಕ್ಕೆ ಸಿಗುತ್ತದೆ, ಯಾವುದು ಒತ್ತಡಕ್ಕೆ ಸಿಗುತ್ತದೆ ಎಂಬುದು.

ಒಳಮೈಗೆ ಹೊರಮೈ ಒಂದಕ್ಕೆ ಐದರಷ್ಟು ಬಿಗಿ, ನಡುವೆ ನೇರ ಏರಿಕೆ, ದಬ್ಬೆಯ ಅಡ್ಡಕೊಯ್ತ ಆಯತ ಎಂದು ಲೆಕ್ಕಕ್ಕಾಗಿ ಹಿಡಿಯಿರಿ. ಬಾಗಿದಾಗ ಹಿಗ್ಗದೆ ಕುಗ್ಗದೆ ಉಳಿಯುವ ತಟಸ್ಥ ಮೈ ಆಗ ನಟ್ಟನಡುವೆ ಇರುವುದಿಲ್ಲ; ದಪ್ಪದ ಒಂಬತ್ತನೆಯ ಒಂದು ಭಾಗದಷ್ಟು ಗಟ್ಟಿ ಬೆನ್ನಿನ ಕಡೆಗೆ ಸರಿದಿರುತ್ತದೆ. ಇದರಿಂದ ಒಳಮೈಯ ಸ್ಟ್ರೇನ್ ಹೊರಮೈಗಿಂತ 1.57 ಪಟ್ಟು ಹೆಚ್ಚು, ಹೊರಮೈಯ ಸ್ಟ್ರೆಸ್ ಒಳಮೈಗಿಂತ ಸುಮಾರು 3.2 ಪಟ್ಟು ಹೆಚ್ಚು. ಬೆನ್ನು ಕೆಳಗಿದ್ದರೆ ಆ ದೊಡ್ಡ ಸ್ಟ್ರೆಸ್ ನಾರುಗಳನ್ನು ಎಳೆಯುತ್ತದೆ. ಬೆನ್ನು ಮೇಲಿದ್ದರೆ ನಾರುಗಳನ್ನು ಒತ್ತುತ್ತದೆ, ಹೆಚ್ಚು ಹಿಗ್ಗಬೇಕಾದ ಪಾಲು ಮೆತ್ತನೆಯ ತಿರುಳಿಗೆ ಬೀಳುತ್ತದೆ. ಮುರಿತವನ್ನು ನಿರ್ಧರಿಸುವುದು ಈ ಹಂಚಿಕೆ, ಅದು ಬಗ್ಗುವಿಕೆಯ ಅಂಕಿಯಲ್ಲಿ ಕಾಣಿಸುವುದಿಲ್ಲ. ನಿಮ್ಮ ಮಾದರಿಯಿಂದ ಎರಡೂ ಮೈಗಳ ಸ್ಟ್ರೆಸ್ ಮತ್ತು ಸ್ಟ್ರೇನ್ ಅನ್ನು ಗಾಸ್ ಬಿಂದುಗಳಲ್ಲಿ ಓದಿ ತೆಗೆಯಿರಿ. ಆಮೇಲೆ ಒಂದೇ ಮರದಿಂದ ಸೀಳಿದ, ಒಂದೇ ಅಳತೆಯ ದಬ್ಬೆಗಳನ್ನು ಎರಡು ಕಲ್ಲುಗಳ ಮೇಲೆ, ಕೆಲವನ್ನು ಬೆನ್ನು ಮೇಲಾಗಿ, ಕೆಲವನ್ನು ಬೆನ್ನು ಕೆಳಗಾಗಿ ಇಟ್ಟು, ನಡುವೆ ಮರಳಿನ ಚೀಲಗಳನ್ನು ಹೇರುತ್ತ ಹೋಗಿ. ಎಷ್ಟು ತೂಕಕ್ಕೆ ಮುರಿಯಿತು, ಮೊದಲು ಯಾವ ಮೈ ಬಿಟ್ಟಿತು ಎಂಬ ಎರಡನ್ನೂ ಬರೆದಿಟ್ಟು ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಲೆಕ್ಕದೊಂದಿಗೆ ಹೋಲಿಸಿ ಬರೆಯುತ್ತೇನೆ.